ಗೋಡೆ ಮಾತ್ರ ಸ್ಪಷ್ಟ

ಗುಂಡ್ಲುಪೇಟೆ
೧೪-೧೧-೧೯೫೫

ಚಾಮರಾಜನಗರದ ಗಂಗಾಧರಸ್ವಾಮಿ ಭಾವನವರಿಗೆ ಸಿದ್ದಮಲ್ಲಪ್ಪನ ಶರಣು.

ಮೈಸೂರಿನ ಸ್ಟುಡಿಯೋದಲ್ಲಿ ಇಬ್ಬರೂ ಫೋಟೋದ ಪ್ಲೇಟು ತೊಳೆಯುತ್ತಿದ್ದ ಕಾಲವಾಗಿದ್ದರೆ 'ಏನ್ಲಾ ಗಂಗಾಧರ' ಎಂದು ಶುರು ಮಾಡುತ್ತಿದ್ದೆ. ಈಗ ನೀವು ನನ್ನ ತಂಗಿಯ ಗಂಡ, ಈ ಮನೆಯ ಅಳಿಯ. ಆದ್ದರಿಂದ ಮರ್ಯಾದೆಯಿಂದಲೇ ಕೇಳುತ್ತೇನೆ. ನನ್ನ ಲೆನ್ಸಿಗೆ ಏನು ಮಾಡಿದಿರಿ?

ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ ಎಂದು ಅದನ್ನು ಬಿಚ್ಚಿ ನಿಮ್ಮ ಕೈಗೆ ಕೊಟ್ಟವನು ನಾನೇ. ನೀವು ಶಾಂತಮಲ್ಲಿಯನ್ನು ಚೊಚ್ಚಲ ಹೆರಿಗೆಗೆ ಬಿಟ್ಟುಹೋಗಲು ದಸರೆಗೆ ಬಂದಾಗ ವಾಪಸು ತಂದುಕೊಟ್ಟಿರಿ. ಹಬ್ಬ ಕಳೆದು ಸ್ಟುಡಿಯೋ ತೆರೆದ ದಿನದಿಂದ ನನ್ನ ಕ್ಯಾಮೆರಾದಲ್ಲಿ ಒಂದು ಮುಖವೂ ನೆಟ್ಟಗೆ ಬಿದ್ದಿಲ್ಲ. ಎಲ್ಲರೂ ಹೊಗೆಯೊಳಗೆ ಕುಳಿತ ಹಾಗೆ ಕಾಣುತ್ತಾರೆ. ಮೊನ್ನೆ ವೃಷಭೇಂದ್ರಪ್ಪನವರು ಬಂದು ಫೋಟೋ ತೆಗೆಸಿಕೊಂಡರು. ಅವರ ಹಣೆಯ ಮೂರೆಳೆ ವಿಭೂತಿ ನಿಮಗೆ ಗೊತ್ತಲ್ಲ, ನೂಲು ಹಿಡಿದು ಎಳೆದಂತೆ ಇರುತ್ತದೆ. ಪ್ರಿಂಟಿನಲ್ಲಿ ಮೂರೂ ಸೇರಿ ಒಂದೇ ಬಿಳಿ ಪಟ್ಟಿ ಆಗಿದೆ. ನೋಡಿದವರೇ ಸಿಡಿಮಿಡಿಗೊಂಡರು.

"ಏನಪ್ಪಾ ಸಿದ್ಮಲ್ಲಪ್ಪ, ನಾನು ಈಬೂತಿ ಧರಿಸ್ಕೊಂಡು ಬಂದಿದ್ನೋ, ಅಣೆಗೆ ಸುಣ್ಣ ಬಳ್ಕೊಂಡು ಬಂದಿದ್ನೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಊಟಿ ರಸ್ತೆಯಲ್ಲಿ ಇನ್ನೊಂದು ಸ್ಟುಡಿಯೋ ಶುರುವಾಗುತ್ತಿದೆ. ಜನ ಅಲ್ಲಿಗೆ ನಡೆದುಬಿಟ್ಟರೆ ನಾನು ಬಾಗಿಲು ಹಾಕಬೇಕಾಗುತ್ತದೆ.

ಇನ್ನೊಂದು ಮಾತು. ಚಂದಕವಾಡಿಯಿಂದ ಬಂದಿದ್ದ ನೆಂಟರು ಹೇಳಿದರು, ನಿಮ್ಮ ಸ್ಟುಡಿಯೋ ಫೋಟೋಗಳು ಈಚೆಗೆ ರೆಪ್ಪೆಗೂದಲು ಎಣಿಸುವಷ್ಟು ಚೊಕ್ಕವಾಗಿ ಬರುತ್ತಿವೆಯಂತೆ. ಸಂತೋಷ. ನನ್ನ ಲೆನ್ಸಿನ ಬಳೆಯ ಮೇಲೆ ಕೊರೆದ ನಂಬರು ಅದೇ ಇದೆ, ನೋಡಿದ್ದೇನೆ. ಬಳೆ ನನ್ನದೇ. ಒಳಗಿನ ಗಾಜು ಯಾರದು? ಅದು ನಮ್ಮಪ್ಪ ದೊಡ್ಡಮಲ್ಲಪ್ಪನವರು ಕೊಡಿಸಿದ ಜರ್ಮನಿ ಗಾಜು ಎಂಬುದನ್ನು ನೆನಪಿಡಿ.

ಉತ್ತರ ಬೇಗ ಬರಲಿ.
ಸಿದ್ದಮಲ್ಲಪ್ಪ


ಚಾಮರಾಜನಗರ
೧೯-೧೧-೧೯೫೫

ಸಿದ್ದಮಲ್ಲಪ್ಪ ಭಾವನವರಿಗೆ,

'ಏನು ಮಾಡಿದಿರಿ' ಎಂದು ಕೇಳಿದ್ದೀರಿ. ಒರೆಸಿದೆ. ಬೂಷ್ಟು ತೆಗೆದೆ, ಗಾಜುಗಳನ್ನು ಇದ್ದ ಹಾಗೇ ಕೂರಿಸಿದೆ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟೆ. ನನ್ನ ಫೋಟೋ ಚೊಕ್ಕವಾಗಿ ಬರಲು ಕಾರಣ ನಮ್ಮ ಬೀದಿಗೆ ಬಂದ ಕರೆಂಟು, ನಾನು ಹಾಕಿಸಿದ ದೊಡ್ಡ ದೀಪ. ಚಂದಕವಾಡಿಯ ನೆಂಟರು ಅದನ್ನು ಹೇಳಲಿಲ್ಲವೇ? ಹೇಳಿರಲಾರರು. ಹೇಳಿದ್ದರೆ ಕಥೆಯ ರುಚಿ ಕೆಡುತ್ತಿತ್ತು.

ಕಳ್ಳ ಅನ್ನಿಸಿಕೊಂಡು ಸುಮ್ಮನಿರುವ ಜಾತಿ ನನ್ನದಲ್ಲ ಭಾವ. ಲೆನ್ಸು ಕಳಿಸಿ ಎಂದರೆ ನೀವು ಕಳಿಸುವುದಿಲ್ಲ, ಗೊತ್ತು. ಬೇಡ. ಅದು ತೆಗೆದ ಚಿತ್ರ ಕಳಿಸಿ. ಎಮ್ಮೆಯ ಯೋಗ್ಯತೆ ತಿಳಿಯಲು ಎಮ್ಮೆಯನ್ನೇ ಹೊಡೆದುಕೊಂಡು ಬರಬೇಕಾಗಿಲ್ಲ, ಒಂದು ಲೋಟ ಹಾಲು ಸಾಕು.

ಹೀಗೆ ಮಾಡಿ. ಹೊಸ ಕ್ಷೌರದ ಬ್ಲೇಡೊಂದನ್ನು ಮೇಜಿನ ಮೇಲೆ ನಿಲ್ಲಿಸಿ. ಅದರ ಹಿಂದೆ ದೂರದಲ್ಲಿ ಬಿಳಿ ಪಂಚೆ ಕಟ್ಟಿ, ಪಂಚೆಯ ಮೇಲೆ ಚೆನ್ನಾಗಿ ಬೆಳಕು ಬೀಳಲಿ. ಬ್ಲೇಡಿನ ಅಂಚಿಗೆ ಫೋಕಸ್ಸು ಮಾಡಿ ಒಂದು ಪ್ಲೇಟು ತೆಗೆಯಿರಿ. ಬ್ಲೇಡು ಕಪ್ಪಗೆ ಬೀಳುತ್ತದೆ, ಪಂಚೆ ಬೆಳ್ಳಗೆ. ಈ ಕಪ್ಪು ಮುಗಿದು ಆ ಬಿಳುಪು ಶುರುವಾಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ನಡುವೆ ಬೂದು ಬಣ್ಣದ ಒಂದು ಪಟ್ಟಿ ಇದ್ದೇ ಇರುತ್ತದೆ. ಲೆನ್ಸು ಒಳ್ಳೆಯದಾದರೆ ಆ ಪಟ್ಟಿ ಕೂದಲೆಳೆಯಷ್ಟು. ಕೆಟ್ಟದ್ದಾದರೆ ಅಗಲವಾಗುತ್ತಾ ಹೋಗುತ್ತದೆ. ಪಟ್ಟಿಯ ಅಗಲವೇ ಲೆನ್ಸಿನ ಜಾತಕ. ಅದರಲ್ಲಿ ನಿಮ್ಮ ಮಾತೂ ನಡೆಯುವುದಿಲ್ಲ, ನನ್ನ ಮಾತೂ ನಡೆಯುವುದಿಲ್ಲ.

ಪ್ರಿಂಟು ಕಳಿಸಿ. ಶಾಂತಾ ಹೇಗಿದ್ದಾಳೆ? ಅವಳಿಂದ ಕಾಗದವೇ ಇಲ್ಲ. ಕಾಲು ಬಾವು ಇಳಿಯಿತೇ ಎಂದು ಕೇಳಿದೆನೆಂದು ಹೇಳಿ.

ಗಂಗಾಧರಸ್ವಾಮಿ


ಗುಂಡ್ಲುಪೇಟೆ
೨೮-೧೧-೧೯೫೫

ಭಾವನವರಿಗೆ,

ಬ್ಲೇಡಿನ ಪ್ರಿಂಟು ಇದರೊಳಗಿದೆ. ನೀವೇ ನೋಡಿಕೊಳ್ಳಿ. ನಿಮ್ಮ ಕೂದಲೆಳೆ ನನ್ನ ಭೂತಗನ್ನಡಿಯಲ್ಲಿ ರಾಗಿಕಾಳಿನಷ್ಟು ದಪ್ಪ ಕಂಡಿತು. ಒಂದಲ್ಲ, ಬೇರೆ ಬೇರೆ ದಿನ ಬೇರೆ ಬೇರೆ ಬ್ಲೇಡಿನಲ್ಲಿ ತೆಗೆದೆ. ಎಲ್ಲದರಲ್ಲೂ ಅದೇ ರಾಗಿಕಾಳು. ನಮ್ಮಪ್ಪನ ಕಾಲದ ಹಳೆಯ ಪ್ರಿಂಟುಗಳನ್ನೂ ಪೆಟ್ಟಿಗೆಯಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಕುರ್ಚಿಯ ಅಂಚು ಕತ್ತಿಯಲ್ಲಿ ಕೊಯ್ದ ಹಾಗಿದೆ.

ಪರೀಕ್ಷೆ ನಿಮ್ಮದು, ಪ್ರಶ್ನೆ ನಿಮ್ಮದು, ಫೇಲಾದವರೂ ನೀವೇ. ಇನ್ನೇನು ಹೇಳುತ್ತೀರಿ? ಲೆನ್ಸು ನಿಮ್ಮ ಕೈಗೆ ಬರುವಾಗ ಬೂಷ್ಟು ಹಿಡಿದಿತ್ತು, ನಿಮ್ಮ ಕೈಯಿಂದ ಹೋಗುವಾಗ ಕಣ್ಣು ಹೋಗಿತ್ತು.

ಅವ್ವನಿಗೆ ಇದನ್ನು ಹೇಳಿದೆ. "ಅಳಿಮಯ್ಯ ಅಂತೋನಲ್ಲ ಕಣ್ಲಾ" ಎಂದು ನನ್ನನ್ನೇ ಬೈದರು. ಅವರಿಗೆ ನೀವು ದೇವರು. ಒಳಗಿನದು ಅವರಿಗೇನು ಗೊತ್ತು.

ನಮ್ಮಪ್ಪನ ಗಾಜು ವಾಪಸು ಬರಲಿ. ಅಲ್ಲಿಯವರೆಗೆ ನಾವು ನೆಂಟರಾಗಿ ಮಾತಾಡುವುದು ಬೇಡ.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ
೧೧-೧೨-೧೯೫೫
(ಕಾರ್ಡು)

ಹೆಣ್ಣು ಮಗು. ತಾಯಿ ಮಗು ಕ್ಷೇಮ. ಈಗಲೇ ಬರುವ ಅಗತ್ಯವಿಲ್ಲ. ತೊಟ್ಟಿಲು ಶಾಸ್ತ್ರಕ್ಕೆ ನಾವೇ ಹೇಳಿ ಕಳಿಸುತ್ತೇವೆ.
ಸಿ.


ಚಾಮರಾಜನಗರ
೧೪-೧೨-೧೯೫೫

ಭಾವ,

ಕಾರ್ಡು ಬಂತು. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಸಕ್ಕರೆ ಕೊಟ್ಟೆ. ನನ್ನ ಮಗಳು! ಲೆನ್ಸು, ಬ್ಲೇಡು, ರಾಗಿಕಾಳು ಎಲ್ಲ ಅತ್ತ ಇರಲಿ. ಮಗು ಯಾರ ಹಾಗಿದೆ? ಬಣ್ಣ ಹೇಗೆ? ಕೂದಲು ಇದೆಯೇ? ನಮ್ಮವ್ವ ಬದುಕಿದ್ದರೆ ಇಷ್ಟು ಹೊತ್ತಿಗೆ ಹೊರಟು ನಿಂತಿರುತ್ತಿದ್ದರು. ನಾನು ಈ ಭಾನುವಾರ ಬರಲೇ? ಒಂದು ಗಳಿಗೆ ನೋಡಿ ಹೊರಟುಬರುತ್ತೇನೆ, ಊಟವೂ ಬೇಡ.

ಒಂದು ಮಾತು ಕೇಳಿಬಿಡುತ್ತೇನೆ. ಮಗು ಹುಟ್ಟಿದ ಮನೆಯವರು 'ಬನ್ನಿ' ಎಂದು ಬರೆಯುವುದನ್ನು ಕಂಡಿದ್ದೇನೆ. 'ಅಗತ್ಯವಿಲ್ಲ' ಎಂದು ಬರೆದದ್ದನ್ನು ಕಂಡದ್ದು ಇದೇ ಮೊದಲು. ಯಾಕೆ?

ಗಂಗಾಧರಸ್ವಾಮಿ


ಗುಂಡ್ಲುಪೇಟೆ
೮-೧-೧೯೫೬

ಭಾವನವರಿಗೆ,

ನಿಮ್ಮ ಕಾಗದಗಳೆಲ್ಲ ಬಂದಿವೆ. ಭಾನುವಾರ ಬರಬೇಡಿ ಎಂದು ಬಸ್ಸಿನ ಏಜೆಂಟರ ಕೈಲಿ ಹೇಳಿ ಕಳಿಸಿದ್ದೆ, ನೀವು ಬರಲಿಲ್ಲ, ಒಳ್ಳೆಯದಾಯಿತು. ಗಾಜಿನ ವಿಷಯ ತೀರದೆ ನೀವು ಈ ಹೊಸಲು ದಾಟಿದರೆ ನಾನೇನಾದರೂ ಆಡಿಬಿಡುತ್ತೇನೆ. ಬಾಣಂತಿ ಇರುವ ಮನೆ. ಬೇಡ.

ಮಗುವಿನ ಫೋಟೋ ಫೋಟೋ ಎಂದು ಪೀಡಿಸುತ್ತಿದ್ದೀರಿ. ಇಗೋ. ಅವ್ವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುಮನೆಯ ಗೋಡೆಗೆ ಕುಳಿತಿದ್ದಾರೆ. ಮುಖ ಕಾಣುವುದಿಲ್ಲ ಎಂದರೆ ನನ್ನನ್ನು ಕೇಳಬೇಡಿ. ನಿಮ್ಮ ಕೈಗುಣ. ಮಗಳ ಮುಖ ನೋಡಬೇಕಾದರೆ ಅದನ್ನು ನೋಡಬಲ್ಲ ಲೆನ್ಸು ಕಳಿಸಿ.

ಸಿದ್ದಮಲ್ಲಪ್ಪ


ಚಾಮರಾಜನಗರ
೧೫-೧-೧೯೫೬

ಸಿದ್ದಮಲ್ಲಪ್ಪನವರಿಗೆ,

ಸಂಕ್ರಾಂತಿಯ ಎಳ್ಳು ಬೀರುವ ದಿನ ನಿಮ್ಮ ಫೋಟೋ ಹಿಡಿದುಕೊಂಡು ಬಾಗಿಲು ಹಾಕಿ ಕುಳಿತಿದ್ದೆ. ನನ್ನ ಮಗಳ ಮುಖ ಒರೆಸಿದ ಸ್ಲೇಟಿನ ಹಾಗಿದೆ. ಕಣ್ಣೆಲ್ಲಿ, ಮೂಗೆಲ್ಲಿ, ಬಾಯೆಲ್ಲಿ, ಒಂದೂ ತಿಳಿಯುವುದಿಲ್ಲ. ಅತ್ತೆಯವರ ಹಣೆಯ ವಿಭೂತಿಯೂ ಕಲಸಿಹೋಗಿದೆ. ಅತ್ತುಬಿಟ್ಟೆ.

ಹೊಟ್ಟೆ ಉರಿದು ಫೋಟೋ ಎತ್ತಿ ಎಸೆಯಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆಯವರ ಹಿಂದೆ ಗೋಡೆಯಲ್ಲಿ ತೂಗುಹಾಕಿದ ಹೊಸ ವರ್ಷದ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಭೂತಗನ್ನಡಿ ಇಟ್ಟೆ. ತಾರೀಕುಗಳು ಓದಲು ಬಂದವು. ತಾರೀಕಿನ ಕೆಳಗೆ ಇರುವೆಯಷ್ಟು ಸಣ್ಣಗೆ ಬರೆದ ಏಕಾದಶಿ, ಪ್ರದೋಷಗಳೂ ಓದಲು ಬಂದವು. ಅದರ ಪಕ್ಕದಲ್ಲಿ ಸುಣ್ಣ ಬಿರಿದ ಗೆರೆ ಕೂದಲಿನ ಹಾಗೆ ಬಿದ್ದಿದೆ.

ಈಗ ಹೇಳಿ. ಕೆಟ್ಟ ಲೆನ್ಸು ಗೋಡೆಗೊಂದು ನ್ಯಾಯ, ಮಗುವಿಗೊಂದು ನ್ಯಾಯ ಮಾಡುತ್ತದೆಯೇ? ಮಂಜು ಕವಿದ ಕಣ್ಣಿಗೆ ಹತ್ತಿರದ್ದೂ ಮಂಜು, ದೂರದ್ದೂ ಮಂಜು. ಈ ಕಣ್ಣಿಗೆ ಗೋಡೆ ಕಾಣುತ್ತದೆ. ಅಂದರೆ ಗಾಜು ಒಳ್ಳೆಯದೇ, ನಿಮ್ಮಪ್ಪನದೇ. ಫೋಕಸ್ಸು ಮಗುವಿನ ಮೇಲಿಲ್ಲ, ಅವಳಿಂದ ಒಂದು ಗೇಣು ಹಿಂದೆ ಗೋಡೆಯ ಮೇಲಿದೆ. ನನ್ನ ಬ್ಲೇಡಿನ ಪರೀಕ್ಷೆಯಲ್ಲಿ ಇದು ಸಿಕ್ಕಲಿಲ್ಲ, ಯಾಕೆಂದರೆ ಬ್ಲೇಡಿನ ಹಿಂದೆ ಬರೀ ಪಂಚೆ. ನಿಮ್ಮ ಸ್ಟುಡಿಯೋದಲ್ಲೂ ಗಿರಾಕಿಗಳ ಹಿಂದೆ ಬರೀ ಕರಿ ಪರದೆ. ಬೂದು ಪಟ್ಟಿ ಎಷ್ಟು ದಪ್ಪವಿದೆ ಎಂದು ತಿಳಿಯಿತೇ ಹೊರತು ಯಾಕೆ ದಪ್ಪವಿದೆ ಎಂದು ತಿಳಿಯಲಿಲ್ಲ.

ಈಗ ನನ್ನ ಸರದಿ. ಹತ್ತು ವರ್ಷ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದವನಿಗೆ ಫೋಕಸ್ಸು ತಪ್ಪುವುದಿಲ್ಲ. ತಪ್ಪಿಸಿದರೆ ಮಾತ್ರ ತಪ್ಪುತ್ತದೆ. ಬರಬೇಡ ಎಂದಿರಿ. ಯಾರ ಹಾಗಿದೆ ಎಂದರೆ ಉತ್ತರವಿಲ್ಲ. ಹೆಂಡತಿಯಿಂದ ಒಂದು ಸಾಲಿಲ್ಲ. ಕೊನೆಗೆ ಕಳಿಸಿದ ಫೋಟೋದಲ್ಲಿ ಗೋಡೆ ಮಾತ್ರ ಸ್ಪಷ್ಟ. ನನ್ನ ಮಗುವಿನ ಮುಖದಲ್ಲಿ ನಾನು ನೋಡಬಾರದ್ದು ಏನಿದೆ? ಅಥವಾ, ದೇವರೇ, ಆ ಮಗು ಇದೆಯೋ ಇಲ್ಲವೋ? ತೊಡೆಯ ಮೇಲೆ ಬಟ್ಟೆಯ ಗಂಟು ಮಲಗಿಸಿ ತೆಗೆದಿದ್ದರೂ ಹೀಗೇ ಕಾಣುತ್ತಿತ್ತು.

ಗಂಗಾಧರಸ್ವಾಮಿ


ಗುಂಡ್ಲುಪೇಟೆ
೨೧-೧-೧೯೫೬

ಗಂಗಾಧರಸ್ವಾಮಿಯವರಿಗೆ,

ಬಾಯಿಗೆ ಬಂದ ಹಾಗೆ ಬರೆದಿದ್ದೀರಿ. ಬಟ್ಟೆಯ ಗಂಟು ಎಂಬ ಮಾತನ್ನು ಶಾಂತಮಲ್ಲಿಗೆ ಓದಿ ಹೇಳಲಿಲ್ಲ. ಹೇಳಿದ್ದರೆ ಅವಳ ಎದೆಹಾಲು ಬತ್ತುತ್ತಿತ್ತು. ಮಗು ಇದೆ. ಈಗ ಇದನ್ನು ಬರೆಯುವಾಗಲೂ ಒಳಗೆ ಅಳುತ್ತಿದೆ.

ನಾನು ಫೋಕಸ್ಸು ತಪ್ಪಿಸಿದೆನೇ? ಶಿವನಾಣೆ, ಕೊರಳಲ್ಲಿರುವ ಲಿಂಗದಾಣೆ ಇಟ್ಟು ಹೇಳುತ್ತೇನೆ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಕ್ಯಾಮೆರಾದ ಹಿಂಬದಿಯ ಮಬ್ಬುಗಾಜಿನ ಮೇಲೆ ನೋಡಿದಾಗ ಮಗುವಿನ ರೆಪ್ಪೆ ಎಣಿಸಬಹುದಿತ್ತು. ಆಗ ಗೋಡೆಯ ಕ್ಯಾಲೆಂಡರೇ ಮಬ್ಬಾಗಿತ್ತು. ಗಾಜಿನ ಮೇಲೆ ಒಂದು, ಪ್ಲೇಟಿನ ಮೇಲೆ ಇನ್ನೊಂದು ಬಂದರೆ ಅದಕ್ಕೆ ನಾನು ಹೊಣೆಯೇ? ನೀವು ಒಳಗೆ ಏನೋ ಮಾಡಿದ್ದೀರಿ. ಮಾಟವೋ ಕೈಚಳಕವೋ ನಿಮಗೇ ಗೊತ್ತು.

ಐದು ತಿಂಗಳಿಗೆ ಬಾಣಂತಿಯನ್ನು ಕರೆದುಕೊಂಡು ಹೋಗುವ ಶಾಸ್ತ್ರ ಇದೆಯಲ್ಲ, ಅದನ್ನೂ ಮರೆತುಬಿಡಿ. ಇಷ್ಟು ಕೆಟ್ಟ ಮನಸ್ಸಿನವರ ಮನೆಗೆ ನಾನು ತಂಗಿಯನ್ನು ಕಳಿಸುವವನಲ್ಲ. ಮಗುವನ್ನಂತೂ ಇಲ್ಲವೇ ಇಲ್ಲ.

ಸಿದ್ದಮಲ್ಲಪ್ಪ


ಚಾಮರಾಜನಗರ
೨೭-೧-೧೯೫೬

ಶಾಂತಾ,

ನಿಮ್ಮಣ್ಣನ ಮನೆಯ ವಿಳಾಸಕ್ಕೆ ಬರೆದರೆ ನಿನಗೆ ತಲುಪುತ್ತದೋ ಇಲ್ಲವೋ ಎಂಬ ಅನುಮಾನದಿಂದ ಪಕ್ಕದ ಮನೆಯ ಮಲ್ಲಿಗಮ್ಮನವರ ವಿಳಾಸಕ್ಕೆ ಬರೆಯುತ್ತಿದ್ದೇನೆ. ನನ್ನ ಸ್ಥಿತಿ ಇಲ್ಲಿಗೆ ಬಂದಿದೆ. ಹೆಂಡತಿಗೆ ಕಳ್ಳತನದಲ್ಲಿ ಕಾಗದ.

ನಿಮ್ಮಣ್ಣ ಕೊನೆಯ ಕಾಗದದಲ್ಲಿ ಬೈಗುಳದ ನಡುವೆ ಒಂದು ಮಾತು ಬರೆದಿದ್ದಾನೆ. ಮಬ್ಬುಗಾಜಿನ ಮೇಲೆ ಮಗು ಸ್ಪಷ್ಟವಿತ್ತು, ಪ್ಲೇಟಿನ ಮೇಲೆ ಗೋಡೆ ಸ್ಪಷ್ಟ ಬಂತು ಎಂದು. ಲಿಂಗ ಮುಟ್ಟಿ ಅವನು ಸುಳ್ಳು ಹೇಳುವುದಿಲ್ಲ, ಅಷ್ಟು ಬಲ್ಲೆ. ಹಾಗಾದರೆ ಎರಡೂ ನಿಜವಾಗುವ ದಾರಿ ಒಂದೇ ಇದೆ. ನೀನು ಒಂದು ಕೆಲಸ ಮಾಡು. ಕ್ಯಾಮೆರಾದ ಹಿಂದಿನ ಆ ಮಬ್ಬುಗಾಜನ್ನು, ನಾವು ನಿಂತು ನೋಡುವ ಕಡೆಯಿಂದ, ಉಗುರಿನಲ್ಲಿ ಮೆಲ್ಲಗೆ ಗೀಚು. ನಮ್ಮ ಕಡೆಗೆ ನುಣುಪು ಇರಬೇಕು, ತರಿತರಿ ಮೈ ಲೆನ್ಸಿನ ಕಡೆಗೆ ಇರಬೇಕು. ಚಿತ್ರ ಬೀಳುವುದು ತರಿ ಮೈಯ ಮೇಲೆ, ಆಮೇಲೆ ಪ್ಲೇಟು ಬಂದು ಕೂರುವುದೂ ಅದೇ ಜಾಗದಲ್ಲಿ. ಅದು ಈಚೆಗೆ ತಿರುಗಿದ್ದರೆ ಗಾಜಿನ ದಪ್ಪದಷ್ಟು ಲೆಕ್ಕ ತಪ್ಪುತ್ತದೆ. ನೋಡಿದವನಿಗೆ ಮಗು ಕಾಣುತ್ತದೆ, ಪ್ಲೇಟಿಗೆ ಗೋಡೆ ಕಾಣುತ್ತದೆ.

ಆದರೆ ಅದು ಲೆನ್ಸಿನ ಮಾತಾಯಿತು. ನನ್ನ ಅನುಮಾನ ಅಲ್ಲಿಗೆ ನಿಂತಿಲ್ಲ. ಮಗು ಹೇಗಿದೆ ಶಾಂತಾ? ನನಗೆ ನಿದ್ದೆ ಇಲ್ಲ. ಯಾರೂ ಹೇಳದಿದ್ದರೂ ನೀನು ಹೇಳು.

ನಿನ್ನ ಗಂಗಾಧರ


ಗುಂಡ್ಲುಪೇಟೆ
೬-೨-೧೯೫೬

ಯಜಮಾನರಿಗೆ ನಿಮ್ಮ ಶಾಂತಮಲ್ಲಮ್ಮ ಮಾಡುವ ಶರಣು.

ಇದರ ಜೊತೆ ಒಂದು ಫೋಟೋ ಇದೆ. ಕಾಗದ ಪೂರ್ತಿ ಓದಿದ ಮೇಲೆ ನೋಡಿ.

ನಾನು ನಿಮಗೆ ಬರೆಯಲಿಲ್ಲ ಎಂದುಕೊಂಡಿದ್ದೀರಿ. ಬರೆದು ಬರೆದು ಅಣ್ಣನ ಕೈಗೆ ಕೊಟ್ಟೆ. ಅವು ಅಂಚೆ ಡಬ್ಬಿ ಕಾಣಲಿಲ್ಲ ಎಂದು ಈಗ ಗೊತ್ತಾಯಿತು. ನಿಮ್ಮಿಂದ ಬಂದದ್ದನ್ನು ಅಣ್ಣ ತನಗೆ ಬೇಕಾದಷ್ಟೇ ಓದಿ ಹೇಳುತ್ತಿದ್ದ. ಬಾಣಂತಿ ಕಣ್ಣಿಗೆ ಆಯಾಸ ಮಾಡಬಾರದಂತೆ.

ನಿಮ್ಮ ಕಾಗದ ಬಂದ ದಿನವೇ ಸ್ಟುಡಿಯೋ ಕೋಣೆಗೆ ಹೋಗಿ ಗಾಜನ್ನು ಗೀಚಿದೆ. ತರಿ ನಮ್ಮ ಕಡೆಗೇ ಇತ್ತು. ಅವ್ವನನ್ನು ಕರೆದು ಕೇಳಿದೆ. ಆಯುಧಪೂಜೆಯ ದಿನ ಅಣ್ಣ ಗಾಜು ಒಡೆದೀತು ಎಂದು ಬಿಚ್ಚಿ ಅವ್ವನ ಕೈಗೆ ಕೊಟ್ಟು, ಮಾವಿನ ಸೊಪ್ಪು ತರಲು ಹೋಗಿದ್ದನಂತೆ. ಅವ್ವ ಇಳಿಗೆಮಣೆ, ತಕ್ಕಡಿಗಳ ಜೊತೆ ಅದನ್ನೂ ಸೀಗೆಯಲ್ಲಿ ತೊಳೆದಿದ್ದಾರೆ. ವಿಭೂತಿ ನುಣ್ಣನೆ ಮೈಗೆ ಹಿಡಿಯಲಿಲ್ಲ, ಜಾರಿತು. ತರಿ ಮೈಗೆ ಚೆನ್ನಾಗಿ ಹಿಡಿಯಿತು. ಅದಕ್ಕೇ ಬಳಿದು, ಕುಂಕುಮ ಇಟ್ಟು, ತಾವೇ ಚೌಕಟ್ಟಿಗೆ ಕೂರಿಸಿದ್ದಾರೆ.

"ಯಾಕವ್ವ ಈಚ್ಗೆ ತಿರುಗ್ಸಿ ಮಡಗ್ದೆ?" ಎಂದೆ.

"ಇನ್ನೆಂಗಮ್ಮಿ ಮಡಗ್ಬೇಕು? ಬೊಟ್ಟಿಕ್ಬುಟ್ಟು ಮೊಕವ ಅತ್ಲಾಗ್ ತಿರುಗ್ಸಿ ಮಡುಗ್ತಾರಾ? ನಮ್ ಕಡಿಕೆ ಮೊಕ ಮಾಡಿ ಮಡಗ್ದೆ. ಕೈ ಮುಗಿಬ್ಯಾಡ್ವಾ?"

ಮರುದಿನ ಅಣ್ಣ ಗಾಜಿನ ಮೇಲಿನ ವಿಭೂತಿ ಒರೆಸಿ, ಗಾಜು ತಿರುಗಿದ್ದು ತಿಳಿಯದೆ ಕೆಲಸ ಶುರು ಮಾಡಿದ. ಮೂರು ತಿಂಗಳು ನೀವಿಬ್ಬರೂ ಒಬ್ಬರನ್ನೊಬ್ಬರು ಕಳ್ಳರು ಎಂದು ಕರೆದದ್ದಕ್ಕೆ ಕಾರಣ ಇಷ್ಟೇ. ನನಗೆ ನಗು ಬಂತು, ಆಮೇಲೆ ಅಳು ಬಂತು.

ಅಣ್ಣ ಬಂದಾಗ ಅವನ ಎದುರಿಗೇ ಗಾಜನ್ನು ತಿರುಗಿಸಿ ಕೂರಿಸಿದೆ. ಅವನು ಬೆರಳಲ್ಲಿ ಮುಟ್ಟಿ ನೋಡಿ, ಕ್ಯಾಮೆರಾದ ಕಾಲಿನ ಹತ್ತಿರ ಕುಕ್ಕರಿಸಿದ. "ಈಗ ಮಗೀದು ಇನ್ನೊಂದು ಫೋಟೋ ತೆಗಿ ಅಣ್ಣ" ಎಂದೆ.

"ಬ್ಯಾಡ ಕಣಮ್ಮಿ."

"ಯಾಕೆ? ಈಗ ಎಲ್ಲಾ ನೆಟ್ಟಗದಲ್ಲ?"

"ಅದ್ಕೇ ಬ್ಯಾಡ ಅಂದುದ್ದು."

ಅಷ್ಟು ಹೇಳಿ ಅವನು ಅತ್ತುಬಿಟ್ಟ. ಇನ್ನು ನಾನು ಮುಚ್ಚುಮರೆ ಮಾಡುವುದಿಲ್ಲ. ನಿಮ್ಮ ಅನುಮಾನ ಸುಳ್ಳಲ್ಲ. ನಮ್ಮ ಮಗುವಿಗೆ ಹುಟ್ಟುವಾಗಲೇ ಮೇಲ್ದುಟಿ ಸೀಳಿದೆ, ಮೂಗಿನ ಹೊಳ್ಳೆಯವರೆಗೆ. ಹಾಲು ಚೀಪಲು ಕಷ್ಟ, ಒಳಲೆಯಲ್ಲಿ ಕುಡಿಸುತ್ತೇನೆ. ಬೇರೆ ಏನೂ ಕೊರತೆಯಿಲ್ಲ. ಅಣ್ಣನಿಗೆ ಲೆನ್ಸಿನ ಮೇಲಿನ ಸಿಟ್ಟು ಮೊದಲು ನಿಜವಾದದ್ದೇ. ಮಗು ಹುಟ್ಟಿದ ಮೇಲೆ ಮಾತ್ರ ಆ ಸಿಟ್ಟು ಅವನಿಗೆ ಅನುಕೂಲವಾಯಿತು. ಜಗಳ ಇದ್ದಷ್ಟು ದಿನ ನೀವು ಬರುವುದಿಲ್ಲವಲ್ಲ. ಫೋಟೋ ಮಬ್ಬಾಗಿ ಬಂದಾಗ ಅವನು ಬೈದುಕೊಂಡ, ಆದರೆ ಇನ್ನೊಂದು ತೆಗೆಯಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಹೇಳಿದ, "ಅವ್ನು ಬಂದು ನೋಡ್ಬುಟ್ಟು ನಿನ್ನ ಬುಟ್ಬುಟ್ಟು ಓಯ್ತೀನಿ ಅಂದ್ರೆ ನಾನೇನಮ್ಮಿ ಮಾಡ್ಲಿ?"

ಅವ್ವನ ಭಯ ಬೇರೆ. ಜೂನ್ ತಿಂಗಳ ಸೂರ್ಯಗ್ರಹಣದ ದಿನ ನೀವು ನನ್ನನ್ನು ಹಿತ್ತಲಿಗೆ ಕರೆದು, ಕ್ಯಾಮೆರಾದಿಂದ ಕಾಗದದ ಮೇಲೆ ಬಿದ್ದ ಕುಡುಗೋಲಿನಂಥ ಸೂರ್ಯನನ್ನು ತೋರಿಸಿದಿರಲ್ಲ, ಅದನ್ನು ನಾನೇ ಬಾಯಿ ತಪ್ಪಿ ಅವ್ವನಿಗೆ ಹೇಳಿದ್ದೆ. ಬಸುರಿ ಗ್ರಹಣ ನೋಡಿದ್ದಕ್ಕೇ ಹೀಗಾಯಿತು ಎಂದು ಅವರು ತೀರ್ಮಾನ ಮಾಡಿದ್ದಾರೆ. ನೀವು ದೇವರು ಎನ್ನುತ್ತಿದ್ದವರು ಈಗ ನಿಮ್ಮ ಹೆಸರೆತ್ತಿದರೆ ಮಾತು ನಿಲ್ಲಿಸುತ್ತಾರೆ. ಯಾರಾದರೂ ಬಂದರೆ ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಾರೆ. ಹೆರಿಗೆ ಮಾಡಿಸಿದ ನರ್ಸಮ್ಮ ಮಾತ್ರ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಮಗು ಸ್ವಲ್ಪ ದಪ್ಪವಾದ ಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ಹೊಲಿಯುತ್ತಾರೆ ಎಂದರು. ನಾನು ಅವರ ಮಾತು ನಂಬಿದ್ದೇನೆ. ಗ್ರಹಣ ನೋಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅಷ್ಟು ಚೆಂದ ಇತ್ತು.

ಇನ್ನು ನನ್ನ ಸಿಟ್ಟು ಹೇಳುತ್ತೇನೆ, ಬೇಜಾರು ಮಾಡಿಕೊಂಡರೂ ಸರಿ. ಅಣ್ಣ ನಿಮ್ಮನ್ನು ಬರಬೇಡ ಅಂದ. ನೀವು ಬರಲಿಲ್ಲ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಇಪ್ಪತ್ತು ಚಿಲ್ಲರೆ ಮೈಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಭೂತಗನ್ನಡಿ ಇಟ್ಟು ಗೋಡೆಯ ಮೇಲಿನ ಏಕಾದಶಿ ಓದಿದಿರಂತೆ. ಮಗು ಬಟ್ಟೆಯ ಗಂಟೋ ಏನೋ ಎಂದು ಬರೆದಿರಂತೆ. ಅದನ್ನೂ ಈಗಲೇ ಓದಿದೆ. ಅಳತೆ ಮಾಡುವುದರಲ್ಲಿ ನೀವಿಬ್ಬರೂ ಜಾಣರು. ಬಂದು ಕಣ್ಣಾರೆ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಅವಳು ಈಗ ಮುಖ ನೋಡಿ ನಗುತ್ತಾಳೆ. ಸೀಳು ತುಟಿಯಲ್ಲೇ ನಗುತ್ತಾಳೆ. ನೀವು ನೋಡಿಲ್ಲ.

ಈಗ ಫೋಟೋ ನೋಡಿ. ತೆಗೆದವನು ಅಣ್ಣನೇ, ಕಣ್ಣೊರೆಸಿಕೊಂಡು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ, ಚೆನ್ನಾಗಿ ಬಂದಿದೆ. ನೋಡಿದ ಮೇಲೆ ಬೇಡ ಅನ್ನಿಸಿದರೆ ಒಂದು ಸಾಲು ಬರೆದುಬಿಡಿ. ನಾನು ಕಾಯುತ್ತಾ ಕೂರುವವಳಲ್ಲ, ನನ್ನ ಮಗಳನ್ನು ನಾನು ಸಾಕಿಕೊಳ್ಳುತ್ತೇನೆ.

ಶಾಂತಮಲ್ಲಮ್ಮ


ತೆರಕಣಾಂಬಿ
೯-೨-೧೯೫೬

ಶಾಂತಾ,

ಕಾಗದ ಓದಿ ಆಮೇಲೆ ಫೋಟೋ ನೋಡಿ ಎಂದಿದ್ದೀಯೆ. ನಾನು ಕೇಳಲಿಲ್ಲ, ಫೋಟೋವನ್ನೇ ಮೊದಲು ತೆಗೆದೆ. ನಿನಗೆ ಸುಳ್ಳು ಹೇಳಲಾರೆ. ಕೂತುಬಿಟ್ಟೆ. ಆಮೇಲೆ ನಿನ್ನ ಕಾಗದ ಓದಿ ಮತ್ತೆ ನೋಡಿದೆ. ಎರಡನೆಯ ಸಲ ತುಟಿಗಿಂತ ಮೊದಲು ಕಣ್ಣು ಕಂಡವು. ಎಂಥ ಜಗಳಗಂಟಿ ಕಣ್ಣು! ನಿನ್ನವೇ.

ಬಸ್ಸು ಯಾಕೆ ಹತ್ತಲಿಲ್ಲ ಎಂದು ಕೇಳಿದ್ದೀಯೆ. ತಪ್ಪು ನನ್ನದೇ. ಅತ್ತೆಯವರ ಕೋಪ ನನ್ನ ಮೇಲಿರಲಿ, ಅವರ ಕಾಲಿಗೆ ಬೀಳುತ್ತೇನೆ. ಸಿದ್ದಮಲ್ಲನಿಗೆ ಎರಡು ಬಾರಿಸಬೇಕು, ಅವನ ಕೈಲಿ ಎರಡು ಹೊಡೆಸಿಕೊಳ್ಳಬೇಕು. ಅದು ನಮ್ಮಿಬ್ಬರ ಲೆಕ್ಕ.

ನಿನ್ನೆ ಆ ಫೋಟೋವನ್ನು ಚೌಕಟ್ಟಿಗೆ ಹಾಕಿ ಸ್ಟುಡಿಯೋದ ಬೀದಿ ಕಡೆಯ ಗಾಜಿನ ಬೀರುವಿನಲ್ಲಿ, ಮದುವೆ ಗಂಡು ಹೆಣ್ಣುಗಳ ಫೋಟೋ ಸರಿಸಿ, ನಡುವೆ ಇಟ್ಟೆ. ಗಾಡಿ ಹೊಡೆಯುವ ಚಿಕ್ಕಬೀರಯ್ಯ ಹೋಗುತ್ತಿದ್ದವನು ನಿಂತು ಬಗ್ಗಿ ನೋಡಿದ.

"ಯಾರ್ ಕೂಸು ಸ್ವಾಮಿ ಇದು? ತುಟಿ ಇಂಗಾಗದೆ?"

"ನನ್ ಕೂಸು ಕಣಯ್ಯ."

ಅವನು ಇನ್ನೊಂದು ಸಲ ನೋಡಿ, "ಕಣ್ಣು ಸಂದಾಗವೆ ಬುಡಿ" ಎಂದು ಎತ್ತುಗಳನ್ನು ಹೊಡೆದುಕೊಂಡು ಹೋದ. ನನಗೆ ಆಗ ಅಳು ಬಂತು.

ಇದನ್ನು ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ತೆರಕಣಾಂಬಿಯಲ್ಲಿ ನಿಲ್ಲಿಸಿ ಇಂಜಿನ್ನಿಗೆ ನೀರು ಹಾಕುತ್ತಿದ್ದಾರೆ. ಎದುರಿಗೆ ನಿಂತರೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಈ ಕಾಗದ. ಅಂಚೆಗೆ ಹಾಕುವುದಿಲ್ಲ, ನಾನೇ ನಿನ್ನ ಕೈಗೆ ಕೊಡುತ್ತೇನೆ. ನೀನು ಇದನ್ನು ಓದಿ ಮುಗಿಸುವವರೆಗೆ ಮಗು ನನ್ನ ಕೈಯಲ್ಲಿರಲಿ.

ಗಂಗಾಧರ